ಒಳಸಂವೇದನಾ ಒಡ್ಡಿಕೆ

ಒಳಸಂವೇದನಾ ಒಡ್ಡಿಕೆಯು ತೀವ್ರ ಗಾಬರಿಯ ಕಾಯಿಲೆಗೆ ನೀಡಲಾಗುವ ಮನೋಚಿಕಿತ್ಸೆಯ ಒಂದು ವಿಧಾನ. ಎದೆಬಡಿತ, ಏದುಸಿರು, ತಲೆಸುತ್ತು, ಕೈಕಾಲು ಜುಮ್ಮೆನ್ನುವಿಕೆ ಮೊದಲಾದ ದೈಹಿಕ ಅನುಭವಗಳಿಗೇ ಹೆದರುವ ವ್ಯಕ್ತಿಯು ಅವೇ ಅನುಭವಗಳನ್ನು ಸಣ್ಣ ಅಭ್ಯಾಸಗಳ ಮೂಲಕ ಬೇಕೆಂದೇ ತಂದುಕೊಳ್ಳುತ್ತಾನೆ. ಅವು ಅಹಿತಕರವಾಗಿದ್ದರೂ ಅಪಾಯಕಾರಿಯಲ್ಲವೆಂಬುದನ್ನು ಸ್ವಾನುಭವದಿಂದ ಕಲಿಯುವುದು ಈ ವಿಧಾನದ ತಿರುಳು. ಇಂಗ್ಲಿಷಿನಲ್ಲಿ ಇದನ್ನು ‘ಇಂಟರೋಸೆಪ್ಟಿವ್ ಎಕ್ಸ್‌ಪೋಷರ್’ ಎಂದು ಕರೆಯುತ್ತಾರೆ. ಇದು ಅರಿವಿನ ವರ್ತನ ಚಿಕಿತ್ಸೆಯ ಒಂದು ಅಂಗ. ಸಾಮಾನ್ಯವಾಗಿ ತರಬೇತಿ ಪಡೆದ ಮನೋವೈದ್ಯರು ಅಥವಾ ಕ್ಲಿನಿಕಲ್ ಮನೋವಿಜ್ಞಾನಿಗಳು ಇದನ್ನು ಕಲಿಸಿಕೊಡುತ್ತಾರೆ. ಹೃದಯ, ಶ್ವಾಸಕೋಶ ಮುಂತಾದವುಗಳ ಕಾಯಿಲೆ ಇಲ್ಲವೆಂದು ವೈದ್ಯರು ಪರೀಕ್ಷಿಸಿ ಹೇಳಿದ ನಂತರವೇ ಇದನ್ನು ಆರಂಭಿಸಬೇಕು.

ತೀವ್ರ ಗಾಬರಿಯ ಸ್ವರೂಪ

ಯಾವ ಸ್ಪಷ್ಟ ಕಾರಣವೂ ಇಲ್ಲದೆ ಹಠಾತ್ತನೆ ಎದ್ದು, ಕೆಲವೇ ನಿಮಿಷಗಳಲ್ಲಿ ತುತ್ತತುದಿಗೆ ಏರಿ, ಅನಂತರ ತಾನಾಗಿಯೇ ಇಳಿಯುವ ಭಯದ ಅಲೆಯನ್ನು ‘ಪ್ಯಾನಿಕ್ ಅಟ್ಯಾಕ್’ ಎನ್ನುತ್ತಾರೆ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪ್ರಕಟಿಸಿದ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿಯು ಇದಕ್ಕೆ 13 ಲಕ್ಷಣಗಳನ್ನು ಪಟ್ಟಿ ಮಾಡಿದೆ. ಎದೆ ಹೊಡೆದುಕೊಳ್ಳುವುದು, ಬೆವರು, ನಡುಕ, ಉಸಿರು ಸಾಲದಂತಾಗುವುದು, ಎದೆನೋವು, ಹೊಟ್ಟೆ ತೊಳಸುವುದು, ತಲೆಸುತ್ತು, ಸುತ್ತಲಿನ ಲೋಕ ಕನಸಿನಂತೆ ಕಾಣುವುದು, ಸಾಯುತ್ತೇನೆಂಬ ಅಥವಾ ಹುಚ್ಚು ಹಿಡಿಯುತ್ತದೆಂಬ ಭಯ ಇವು ಅವುಗಳಲ್ಲಿ ಮುಖ್ಯವಾದವು. ಇಂತಹ ನಾಲ್ಕು ಅಥವಾ ಹೆಚ್ಚು ಲಕ್ಷಣಗಳು ಒಟ್ಟಿಗೆ ಕಾಣಿಸಿಕೊಂಡರೆ ಅದನ್ನು ಪ್ಯಾನಿಕ್ ಅಟ್ಯಾಕ್ ಎಂದು ಪರಿಗಣಿಸಲಾಗುತ್ತದೆ.

ಒಮ್ಮೆ ಇಂತಹ ಅನುಭವವಾದ ಮಾತ್ರಕ್ಕೆ ಅದು ಕಾಯಿಲೆಯಲ್ಲ. ಅನಿರೀಕ್ಷಿತವಾಗಿ ಮತ್ತೆ ಮತ್ತೆ ಹೀಗಾಗಿ, ‘ಇನ್ನೊಮ್ಮೆ ಬಂದರೆ ಏನು ಗತಿ’ ಎಂಬ ಚಿಂತೆ ಅಥವಾ ಆ ಭಯದಿಂದ ನಡೆನುಡಿ ಬದಲಾಗುವುದು ಒಂದು ತಿಂಗಳು ಮೀರಿ ಮುಂದುವರಿದಾಗ ಅದನ್ನು ತೀವ್ರ ಗಾಬರಿಯ ಕಾಯಿಲೆ, ಅಂದರೆ ‘ಪ್ಯಾನಿಕ್ ಡಿಸಾರ್ಡರ್’ ಎಂದು ಗುರುತಿಸುತ್ತಾರೆ.

ಈ ಕಾಯಿಲೆಯುಳ್ಳವರು ಮನೋವೈದ್ಯರ ಬಳಿಗೆ ನೇರವಾಗಿ ಬರುವುದು ಕಡಿಮೆ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ‘ಎದಿ ಡವಡವ ಅಂತದ’, ‘ಉಸಿರ ಕಟ್ಟತದ’, ‘ತಲಿ ಗಿರ್ ಅಂತದ’, ‘ಜೀವ ಹೋದಂಗ ಆಗತದ’ ಎಂದು ದೇಹದ ಮಾತಿನಲ್ಲೇ ತೊಂದರೆಯನ್ನು ಹೇಳಿಕೊಳ್ಳುತ್ತಾರೆ. ಮನೆಯವರು ಅದನ್ನು ಹೃದಯಾಘಾತವೆಂದೋ, ಗ್ಯಾಸ್ ಎಂದೋ, ಬಿಪಿ ಕಡಿಮೆಯಾಯಿತೆಂದೋ, ಗಾಳಿ ಸೋಂಕಿತೆಂದೋ ತಿಳಿಯುವುದುಂಟು. ಇಸಿಜಿ ಸರಿಯಾಗಿದೆ ಎಂದು ಒಂದು ಆಸ್ಪತ್ರೆಯಲ್ಲಿ ಹೇಳಿದರೆ ಇನ್ನೊಂದು ಆಸ್ಪತ್ರೆಗೆ ಹೋಗಿ ಮತ್ತೆ ಅದೇ ಪರೀಕ್ಷೆ ಮಾಡಿಸಿಕೊಳ್ಳುವವರಿದ್ದಾರೆ. ‘ನಿಮಗೇನೂ ಆಗಿಲ್ಲ’ ಎಂಬ ಮಾತು ಅವರಿಗೆ ಸಮಾಧಾನ ಕೊಡುವುದಿಲ್ಲ. ಏಕೆಂದರೆ ಅವರಿಗೆ ಆಗುತ್ತಿರುವ ಅನುಭವ ನಿಜವಾದದ್ದು.

ಭಯದ ಭಯ

ಈ ಕಾಯಿಲೆಯಲ್ಲಿ ಹೊರಗಿನ ವಸ್ತುವಿಗಿಂತ ಒಳಗಿನ ಅನುಭವಕ್ಕೆ ಹೆದರಿಕೆ ಹೆಚ್ಚು. ಇಳಕಲ್ಲಿನಿಂದ ಹುನಗುಂದದ ಮಾರ್ಗವಾಗಿ ಬಾಗಲಕೋಟೆಗೆ ಹೊರಟ ಬಸ್ಸಿನಲ್ಲಿ ಬೇಸಿಗೆಯ ಮಧ್ಯಾಹ್ನ ನಿಂತಿರುವ ಪ್ರಯಾಣಿಕನೊಬ್ಬನನ್ನು ಉದಾಹರಣೆಯಾಗಿ ಊಹಿಸಬಹುದು. ಸೆಕೆಗೆ ಎದೆಬಡಿತ ತುಸು ಏರುತ್ತದೆ. ಇದು ಸಹಜ. ಆದರೆ ಆತ ‘ಹೃದಯಕ್ಕೆ ಏನೋ ಆಗುತ್ತಿದೆ’ ಎಂದು ಅರ್ಥೈಸಿಕೊಳ್ಳುತ್ತಾನೆ. ಆ ಅರ್ಥದಿಂದ ಭಯ ಹುಟ್ಟುತ್ತದೆ. ಭಯದಿಂದ ಎದೆ ಇನ್ನೂ ಜೋರಾಗಿ ಬಡಿಯುತ್ತದೆ. ಅದು ಅವನ ಶಂಕೆಗೆ ಸಾಕ್ಷಿಯಂತೆ ಕಾಣುತ್ತದೆ. ಹೀಗೆ ಸುತ್ತುವ ಈ ಚಕ್ರ ಕೆಲವೇ ಕ್ಷಣಗಳಲ್ಲಿ ಪೂರ್ಣ ಪ್ರಮಾಣದ ಗಾಬರಿಯಾಗಿ ಬೆಳೆಯುತ್ತದೆ.

ಆತ ನಡುದಾರಿಯಲ್ಲೇ ಇಳಿದುಬಿಟ್ಟರೆ ಭಯ ಇಳಿಯುತ್ತದೆ. ಆದರೆ ‘ಇಳಿದದ್ದರಿಂದ ಬದುಕಿದೆ’ ಎಂಬ ತಪ್ಪು ಪಾಠ ಮನಸ್ಸಿನಲ್ಲಿ ಉಳಿಯುತ್ತದೆ. ಮುಂದೆ ಬಸ್ಸು, ಆಮೇಲೆ ಸಂತೆ, ಜಾತ್ರೆ, ಮದುವೆಮನೆ, ಕೊನೆಗೆ ಒಂಟಿಯಾಗಿ ಮನೆಯಲ್ಲಿರುವುದು, ಹೀಗೆ ಒಂದೊಂದೇ ಕೈಬಿಡುತ್ತಾ ಬದುಕಿನ ವಿಸ್ತಾರ ಕುಗ್ಗುತ್ತದೆ. ಹೊರಗಿನ ಸ್ಥಳಗಳನ್ನು ಬಿಟ್ಟಂತೆಯೇ ದೇಹದ ಅನುಭವ ತರುವ ಸಂಗತಿಗಳನ್ನೂ ಕೆಲವರು ಬಿಡುತ್ತಾರೆ. ಮೆಟ್ಟಿಲು ಹತ್ತುವುದು, ಗಟ್ಟಿ ಚಹಾ, ಖಾರದ ಊಟ, ಬಿಸಿಲಿನ ಓಡಾಟ, ಗಟ್ಟಿಯಾಗಿ ನಗುವುದು ಸಹ ಈ ಪಟ್ಟಿಗೆ ಸೇರಬಹುದು.

ಶರೀರದಲ್ಲಿ ನಡೆಯುವುದೇನು

ಅಪಾಯ ಎದುರಾದಾಗ ಹೋರಾಡಲು ಅಥವಾ ಓಡಲು ಶರೀರವು ತನ್ನನ್ನು ಸಜ್ಜುಗೊಳಿಸಿಕೊಳ್ಳುತ್ತದೆ. ಅನುವೇದಕ ನರಮಂಡಲ ಮತ್ತು ಅಡ್ರಿನಲಿನ್ ಸ್ರಾವದಿಂದ ಹೃದಯ ವೇಗವಾಗಿ ಬಡಿಯುತ್ತದೆ, ಉಸಿರಾಟ ಹೆಚ್ಚುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಗಾಬರಿಯಲ್ಲಿ ನಡೆಯುವುದು ಇದೇ. ಕರೆಗಂಟೆ ಸರಿಯಾಗಿಯೇ ಬಾರಿಸುತ್ತದೆ, ಆದರೆ ಹೊರಗೆ ಅಪಾಯವಿರುವುದಿಲ್ಲ.

ಅಗತ್ಯಕ್ಕಿಂತ ಹೆಚ್ಚು ಉಸಿರಾಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಪ್ರಮಾಣ ಇಳಿದು ರಕ್ತ ತುಸು ಕ್ಷಾರೀಯವಾಗುತ್ತದೆ. ಮಿದುಳಿನ ರಕ್ತನಾಳಗಳು ಸ್ವಲ್ಪ ಸಂಕುಚಿಸುವುದರಿಂದ ತಲೆ ಹಗುರಾದಂತೆ ಅನಿಸುತ್ತದೆ. ಬೆರಳುಗಳು ಮತ್ತು ತುಟಿಯ ಸುತ್ತ ಜುಮ್ಮೆನ್ನುತ್ತದೆ. ಉಸಿರು ಸಾಲದೆಂಬ ಭಾವನೆ ಬರುವುದು ಉಸಿರಾಟ ಹೆಚ್ಚಾಗಿರುವಾಗಲೇ ಎಂಬುದು ಇಲ್ಲಿನ ವೈಚಿತ್ರ್ಯ. ಉಸಿರಾಟ ಸಹಜ ಲಯಕ್ಕೆ ಬಂದಂತೆ ಈ ಬದಲಾವಣೆಗಳು ಕೆಲವು ನಿಮಿಷಗಳಲ್ಲಿ ಸರಿಹೋಗುತ್ತವೆ.

‘ತಲೆ ತಿರುಗಿ ಬಿದ್ದುಬಿಡುತ್ತೇನೆ’ ಎಂಬ ಹೆದರಿಕೆ ಸಾಮಾನ್ಯವಾದರೂ ಗಾಬರಿಯಲ್ಲಿ ಮೂರ್ಛೆ ಹೋಗುವುದು ಅಪರೂಪ. ಮೂರ್ಛೆಗೆ ಸಾಮಾನ್ಯವಾಗಿ ರಕ್ತದೊತ್ತಡ ಇಳಿಯಬೇಕು. ಗಾಬರಿಯಲ್ಲಿ ಅದು ಏರುವುದೇ ಹೆಚ್ಚು. ರಕ್ತವನ್ನೋ ಗಾಯವನ್ನೋ ಕಂಡರೆ ಹೆದರುವ ಭೀತಿ ಇದಕ್ಕೆ ಅಪವಾದ.

ಇತಿಹಾಸ

ಶರೀರದೊಳಗಿನ ಸಂವೇದನೆಗಳನ್ನು ಹೊರಗಿನವುಗಳಿಂದ ಬೇರ್ಪಡಿಸಿ ಹೆಸರಿಸಿದವರು ಬ್ರಿಟಿಷ್ ಶರೀರವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್ (1906). ಗಾಬರಿಯ ಲಕ್ಷಣಗಳನ್ನು ಹೋಲುವ ಸ್ಥಿತಿಯನ್ನು ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಗಮನಿಸಿದ ವೈದ್ಯ ಜೇಕಬ್ ಡ ಕೋಸ್ಟ 1871ರಲ್ಲಿ ಅದನ್ನು ಹೃದಯದ ತೊಂದರೆಯೆಂಬ ಹೆಸರಿನಲ್ಲಿ ವಿವರಿಸಿದ್ದರು. ಮನೋವೈದ್ಯ ಡೊನಾಲ್ಡ್ ಕ್ಲೈನ್ 1960ರ ದಶಕದಲ್ಲಿ ಇಮಿಪ್ರಮಿನ್ ಔಷಧದ ಬಳಕೆಯನ್ನು ಅಧ್ಯಯನ ಮಾಡಿ, ಹಠಾತ್ ಗಾಬರಿಯು ಸಾಮಾನ್ಯ ಆತಂಕಕ್ಕಿಂತ ಬೇರೆಯೆಂದು ವಾದಿಸಿದರು. 1980ರಲ್ಲಿ ಅಮೆರಿಕದ ಕೈಪಿಡಿಯ ಮೂರನೆಯ ಆವೃತ್ತಿಯು ಇದನ್ನು ಪ್ರತ್ಯೇಕ ಕಾಯಿಲೆಯಾಗಿ ಅಂಗೀಕರಿಸಿತು.

ಭಯದ ವಸ್ತುವನ್ನು ಹಂತಹಂತವಾಗಿ ಎದುರಿಸುವ ಚಿಕಿತ್ಸೆಯನ್ನು ಜೋಸೆಫ್ ವೋಲ್ಪೆ 1950ರ ದಶಕದಲ್ಲಿ ರೂಪಿಸಿದ್ದರು. ಆದರೆ ಭಯದ ವಸ್ತು ಶರೀರದೊಳಗೇ ಇದ್ದರೆ ಅದನ್ನು ಎದುರಿಸುವುದು ಹೇಗೆ ಎಂಬ ಪ್ರಶ್ನೆ ಉಳಿದಿತ್ತು. 1978ರಲ್ಲಿ ಆಲನ್ ಗೋಲ್ಡ್‌ಸ್ಟೈನ್ ಮತ್ತು ಡಯಾನ್ ಚಾಂಬ್ಲೆಸ್ ‘ಭಯದ ಭಯ’ ಎಂಬ ಪರಿಕಲ್ಪನೆಯನ್ನು ಮುಂದಿಟ್ಟರು. 1986ರಲ್ಲಿ ಡೇವಿಡ್ ಕ್ಲಾರ್ಕ್ ಅವರು ದೇಹದ ಸಹಜ ಅನುಭವಗಳನ್ನು ಅನಾಹುತದ ಸೂಚನೆಯೆಂದು ತಪ್ಪಾಗಿ ಅರ್ಥೈಸುವುದೇ ಗಾಬರಿಯ ಮೂಲವೆಂದು ವಿವರಿಸಿದರು. ಅದೇ ಕಾಲದಲ್ಲಿ ಡೇವಿಡ್ ಬಾರ್ಲೋ ಮತ್ತು ಮಿಷೆಲ್ ಕ್ರಾಸ್ಕೆ ಅಮೆರಿಕದಲ್ಲಿ ರೂಪಿಸಿದ ಚಿಕಿತ್ಸಾಕ್ರಮದಲ್ಲಿ, ದೈಹಿಕ ಅನುಭವಗಳನ್ನು ಬೇಕೆಂದೇ ತರುವ ಅಭ್ಯಾಸಗಳಿಗೆ ಕೇಂದ್ರಸ್ಥಾನ ದೊರೆಯಿತು.

ವಿಧಾನ

ಚಿಕಿತ್ಸೆಯು ವೈದ್ಯಕೀಯ ತಪಾಸಣೆಯಿಂದ ಆರಂಭವಾಗುತ್ತದೆ. ಥೈರಾಯಿಡ್ ಗ್ರಂಥಿಯ ಅತಿಸ್ರಾವ, ರಕ್ತಹೀನತೆ, ಹೃದಯದ ಲಯದೋಷ, ಅಸ್ತಮಾ, ಸಕ್ಕರೆ ಅಂಶದ ಇಳಿಕೆ ಮುಂತಾದವು ಗಾಬರಿಯಂತಹ ಲಕ್ಷಣಗಳನ್ನೇ ತೋರಬಲ್ಲವು. ಇವಿಲ್ಲವೆಂದು ಖಚಿತವಾದ ಮೇಲೆ ಚಿಕಿತ್ಸಕರು ಗಾಬರಿಯ ಚಕ್ರವನ್ನು ರೋಗಿಯ ಸ್ವಂತ ಅನುಭವದ ಉದಾಹರಣೆಯಿಂದಲೇ ವಿವರಿಸುತ್ತಾರೆ.

ಎರಡನೆಯ ಹಂತದಲ್ಲಿ ಹಲವು ಅಭ್ಯಾಸಗಳನ್ನು ಒಂದೊಂದು ಬಾರಿ ಮಾಡಿಸಿ ನೋಡುತ್ತಾರೆ. ಪ್ರತಿಯೊಂದರ ನಂತರ ಅನುಭವ ಎಷ್ಟು ತೀವ್ರವಾಗಿತ್ತು, ಭಯ ಎಷ್ಟಾಯಿತು, ನಿಜವಾದ ಗಾಬರಿಗೆ ಎಷ್ಟು ಹೋಲುತ್ತಿತ್ತು ಎಂಬುದಕ್ಕೆ 0ಯಿಂದ 10ರವರೆಗೆ ಅಂಕ ಹಾಕಲಾಗುತ್ತದೆ. ಸಾಮಾನ್ಯವಾಗಿ ಬಳಸುವ ಅಭ್ಯಾಸಗಳು ಇವು:

• ಒಂದು ನಿಮಿಷ ಆಳವಾಗಿ, ವೇಗವಾಗಿ ಉಸಿರಾಡುವುದು. ಇದರಿಂದ ತಲೆ ಹಗುರಾಗುವುದು, ಬೆರಳು ಜುಮ್ಮೆನ್ನುವುದು ಉಂಟಾಗುತ್ತದೆ.
• ಮೂಗು ಮುಚ್ಚಿಕೊಂಡು ತಂಪುಪಾನೀಯದ ಸಣ್ಣ ಕೊಳವೆಯ ಮೂಲಕ ಒಂದೆರಡು ನಿಮಿಷ ಉಸಿರಾಡುವುದು. ಉಸಿರು ಕಟ್ಟಿದ ಅನುಭವ ಬರುತ್ತದೆ.
• ನಿಂತಲ್ಲೇ ಒಂದು ನಿಮಿಷ ಓಡುವುದು ಅಥವಾ ಒಂದು ಮೆಟ್ಟಿಲನ್ನು ಹತ್ತಿ ಇಳಿಯುತ್ತಿರುವುದು. ಎದೆಬಡಿತ ಏರುತ್ತದೆ.
• ತಿರುಗುವ ಕುರ್ಚಿಯಲ್ಲಿ ಕುಳಿತು ಅಥವಾ ನಿಂತಲ್ಲೇ ಒಂದು ನಿಮಿಷ ಸುತ್ತುವುದು. ತಲೆಸುತ್ತು ಬರುತ್ತದೆ.
• ಮೂವತ್ತು ಸೆಕೆಂಡು ತಲೆಯನ್ನು ಮೊಣಕಾಲುಗಳ ನಡುವೆ ಬಗ್ಗಿಸಿಟ್ಟು ಥಟ್ಟನೆ ಎತ್ತುವುದು. ಕಣ್ಣಿಗೆ ಕತ್ತಲೆ ಬಂದಂತೆ ಆಗುತ್ತದೆ.
• ಮೂವತ್ತು ಸೆಕೆಂಡು ಉಸಿರು ಬಿಗಿಹಿಡಿಯುವುದು. ಎದೆ ಬಿಗಿಯುತ್ತದೆ.
• ಒಂದು ನಿಮಿಷ ಮೈಯ ಸ್ನಾಯುಗಳನ್ನೆಲ್ಲ ಬಿಗಿಯುವುದು. ನಡುಕ, ನಿಶ್ಶಕ್ತಿ ಕಾಣಿಸುತ್ತದೆ.
• ಎರಡು ನಿಮಿಷ ಗೋಡೆಯ ಒಂದು ಬಿಂದುವನ್ನು ಅಥವಾ ಕನ್ನಡಿಯಲ್ಲಿನ ತನ್ನ ಮುಖವನ್ನು ಎವೆಯಿಕ್ಕದೆ ನೋಡುವುದು. ಸುತ್ತಲಿನದು ಅವಾಸ್ತವವೆನಿಸುತ್ತದೆ.

ಎಲ್ಲರಿಗೂ ಎಲ್ಲ ಅಭ್ಯಾಸಗಳೂ ಬೇಕಿಲ್ಲ. ತಲೆಸುತ್ತಿಗೆ ಹೆದರುವವರಿಗೆ ಸುತ್ತುವ ಅಭ್ಯಾಸ, ಎದೆಬಡಿತಕ್ಕೆ ಹೆದರುವವರಿಗೆ ಓಡುವ ಅಭ್ಯಾಸ ಹೆಚ್ಚು ಉಪಯುಕ್ತ. ನಿಜವಾದ ಗಾಬರಿಗೆ ಹೋಲುವ ಅಭ್ಯಾಸಗಳನ್ನು ಆಯ್ದು, ಭಯ ಕಡಿಮೆಯಿರುವುದರಿಂದ ಹೆಚ್ಚಿರುವುದಕ್ಕೆ ಏಣಿಯಂತೆ ಜೋಡಿಸಲಾಗುತ್ತದೆ.

ಮೂರನೆಯ ಹಂತವೇ ಮುಖ್ಯ ಅಭ್ಯಾಸ. ಆರಂಭಿಸುವ ಮುನ್ನ ರೋಗಿಯು ತನ್ನ ಭವಿಷ್ಯವಾಣಿಯನ್ನು ಬರೆದಿಡುತ್ತಾನೆ: ‘ಒಂದು ನಿಮಿಷ ಹೀಗೆ ಉಸಿರಾಡಿದರೆ ಪ್ರಜ್ಞೆ ತಪ್ಪುತ್ತದೆ’. ಅಭ್ಯಾಸ ಮಾಡಿದ ಮೇಲೆ ಆದದ್ದೇನು ಎಂಬುದನ್ನು ಅದರ ಮುಂದೆಯೇ ಬರೆಯುತ್ತಾನೆ. ಸಂವೇದನೆ ಆರಂಭವಾದೊಡನೆ ನಿಲ್ಲಿಸದೆ, ತುಸು ಹೊತ್ತು ಅದರೊಂದಿಗೇ ಇರಬೇಕು. ಮನಸ್ಸನ್ನು ಬೇರೆಡೆಗೆ ತಿರುಗಿಸಿಕೊಳ್ಳಬಾರದು. ಒಂದೇ ಅಭ್ಯಾಸವನ್ನು ಒಂದು ಕೂತಿನಲ್ಲಿ ಹಲವು ಬಾರಿ, ಮನೆಯಲ್ಲಿಯೂ ಪ್ರತಿದಿನ ಮಾಡಲಾಗುತ್ತದೆ. ಭಯ ಪೂರ್ತಿ ಮಾಯವಾಗಬೇಕೆಂಬ ನಿಯಮವಿಲ್ಲ. ಕ್ರಾಸ್ಕೆ ಮತ್ತು ಸಹಲೇಖಕರು 2014ರಲ್ಲಿ ವಿವರಿಸಿದ ಪ್ರಕಾರ, ಹಳೆಯ ಭಯ ಅಳಿಸಿಹೋಗುವುದಕ್ಕಿಂತ ಅದನ್ನು ತಡೆಯುವ ಹೊಸ ಕಲಿಕೆ ಗಟ್ಟಿಯಾಗುವುದು ಮುಖ್ಯ. ನಿರೀಕ್ಷಿಸಿದ ಅನಾಹುತಕ್ಕೂ ನಿಜವಾಗಿ ನಡೆದುದಕ್ಕೂ ಅಂತರ ಹೆಚ್ಚಿದಷ್ಟೂ ಕಲಿಕೆ ಆಳವಾಗುತ್ತದೆ.

ನಿತ್ಯಜೀವನಕ್ಕೆ ವಿಸ್ತರಣೆ

ಕೋಣೆಯೊಳಗಿನ ಕಲಿಕೆಯನ್ನು ಹೊರಗಿನ ಬದುಕಿಗೆ ಒಯ್ಯುವುದು ಕೊನೆಯ ಹಂತ. ಇಲ್ಲಿ ಸಂವೇದನೆ ಮತ್ತು ಸ್ಥಳ ಎರಡನ್ನೂ ಒಟ್ಟಿಗೆ ಎದುರಿಸಬೇಕಾಗುತ್ತದೆ. ಏಣಿಯ ಮೆಟ್ಟಿಲುಗಳನ್ನು ಆಯಾ ಊರಿನ ಬದುಕಿನಿಂದಲೇ ಆಯ್ದುಕೊಳ್ಳಬಹುದು.

ಬಾಗಲಕೋಟೆ ಜಿಲ್ಲೆಯಲ್ಲಿ ಇಂತಹ ಸಂದರ್ಭಗಳಿಗೆ ಕೊರತೆಯಿಲ್ಲ. ಬಾದಾಮಿಯ ಗುಹಾಲಯಗಳಿಗೆ ಕೆಂಪು ಮರಳುಗಲ್ಲಿನ ಮೆಟ್ಟಿಲುಗಳನ್ನು ಹತ್ತಿ ಹೋಗುವಾಗ ಯಾರಿಗಾದರೂ ಏದುಸಿರು ಬರುತ್ತದೆ. ಅಲ್ಲಿನ ಉತ್ತರದ ಕೋಟೆಯ ದಾರಿ ಬಂಡೆಗಳ ಇಕ್ಕಟ್ಟಾದ ಸಂದಿಯಲ್ಲಿ ಸಾಗುತ್ತದೆ. ಹುನಗುಂದ ಭಾಗದ ಕೂಡಲಸಂಗಮದಲ್ಲಿ ಐಕ್ಯಮಂಟಪವನ್ನು ಕಾಣಲು ನೀರಿನ ನಡುವಿನ ಬಾವಿಯಂತಹ ಕಟ್ಟಡದೊಳಗೆ ಮೆಟ್ಟಿಲಿಳಿಯಬೇಕು. ಬನದ ಹುಣ್ಣಿಮೆಗೆ ಆರಂಭವಾಗುವ ಬನಶಂಕರಿ ಜಾತ್ರೆಯಲ್ಲಿ ಜನಸಂದಣಿ ಅಪಾರ. ಸೀರೆಗಳಿಗೆ ಹೆಸರಾದ ಇಳಕಲ್ಲಿನ ಕುಣಿಮಗ್ಗದಲ್ಲಿ ಬಹಳ ಹೊತ್ತು ಕುಳಿತು ಥಟ್ಟನೆ ಎದ್ದ ನೇಕಾರನಿಗೆ ತಲೆ ತಿರುಗಿದಂತಾಗಬಹುದು. ಇವೆಲ್ಲ ಆರೋಗ್ಯವಂತರಿಗೂ ಆಗುವ ಅನುಭವಗಳು. ಗಾಬರಿಯ ಕಾಯಿಲೆಯುಳ್ಳವರು ಮೊದಲು ಮನೆಯ ಮೆಟ್ಟಿಲು, ಆಮೇಲೆ ಬಸ್ಸಿನಲ್ಲಿ ಒಂದು ನಿಲ್ದಾಣದವರೆಗಿನ ಪ್ರಯಾಣ, ಬಳಿಕ ವಾರದ ಸಂತೆ, ಕೊನೆಗೆ ಗುಹಾಲಯ ಅಥವಾ ಜಾತ್ರೆ ಎಂದು ಕ್ರಮವಾಗಿ ಮುಂದುವರಿಯಬಹುದು. ಬಿರುಬೇಸಿಗೆಯ ಮಧ್ಯಾಹ್ನ ಇದಕ್ಕೆ ತಕ್ಕ ಸಮಯವಲ್ಲ. ಬಿಸಿಲಿನ ಆಘಾತವು ಕಲ್ಪಿತ ಅಪಾಯವಲ್ಲ.

ಸುರಕ್ಷಾ ವರ್ತನೆಗಳು

ಗಾಬರಿಯಿಂದ ತಪ್ಪಿಸಿಕೊಳ್ಳಲು ಹಲವರು ಸಣ್ಣ ಸಣ್ಣ ಆಸರೆಗಳನ್ನು ಹುಡುಕಿಕೊಂಡಿರುತ್ತಾರೆ. ಜೇಬಿನಲ್ಲಿ ಸದಾ ಒಂದು ಮಾತ್ರೆ, ಕೈಯಲ್ಲಿ ನೀರಿನ ಬಾಟಲಿ, ಬಸ್ಸಿನ ಬಾಗಿಲ ಬಳಿಯ ಆಸನ, ಗಳಿಗೆಗೊಮ್ಮೆ ನಾಡಿ ನೋಡಿಕೊಳ್ಳುವುದು, ಮನೆಯಲ್ಲಿ ಬಿಪಿ ಯಂತ್ರ, ಜೊತೆಗೊಬ್ಬರು ಇಲ್ಲದೆ ಹೊರಡದಿರುವುದು ಇವು ಅವುಗಳಲ್ಲಿ ಕೆಲವು. ಇವಿದ್ದಾಗ ಏನೂ ಆಗದಿದ್ದರೆ ಅದರ ಯಶಸ್ಸು ಆಸರೆಗೆ ಸಲ್ಲುತ್ತದೆ. ತನ್ನ ದೇಹದ ಮೇಲಿನ ನಂಬಿಕೆ ಬೆಳೆಯುವುದಿಲ್ಲ. ಆದುದರಿಂದ ಚಿಕಿತ್ಸೆಯಲ್ಲಿ ಇವನ್ನು ಒಂದೊಂದಾಗಿ ಬಿಡಿಸಲಾಗುತ್ತದೆ. ವೈದ್ಯರು ನಿತ್ಯ ಸೇವಿಸಲು ಬರೆದುಕೊಟ್ಟ ಔಷಧ ಈ ಮಾತಿಗೆ ಒಳಪಡುವುದಿಲ್ಲ. ಅದನ್ನು ಅವರ ಸಲಹೆಯಿಲ್ಲದೆ ನಿಲ್ಲಿಸಬಾರದು.

ಮನೆಯವರ ಪಾತ್ರ ಇಲ್ಲಿ ನಾಜೂಕಾದದ್ದು. ‘ನೀ ಹೋಗಬ್ಯಾಡ, ನಾವು ತರತೀವಿ’ ಎಂಬ ಅಕ್ಕರೆಯ ಮಾತು ಕೂಡ ಕಾಯಿಲೆಯನ್ನು ಉಳಿಸಬಲ್ಲದು. ‘ಧೈರ್ಯ ತಂದುಕೋ’ ಎಂದು ಗದರಿಸುವುದರಿಂದಲೂ ಪ್ರಯೋಜನವಿಲ್ಲ. ಅಭ್ಯಾಸದ ಉದ್ದೇಶವನ್ನು ಮನೆಯವರಿಗೂ ವಿವರಿಸಿ, ಆರಂಭದಲ್ಲಿ ಜೊತೆಗಿದ್ದು ಕ್ರಮೇಣ ಹಿಂದೆ ಸರಿಯುವಂತೆ ಅವರಿಗೆ ಸೂಚಿಸಲಾಗುತ್ತದೆ.

ಮದ್ಯವು ಆತಂಕವನ್ನು ಆ ಹೊತ್ತಿಗೆ ತಗ್ಗಿಸಿದಂತೆ ತೋರಿದರೂ ಅದರ ಅಮಲು ಇಳಿದಾಗ ಎದೆಬಡಿತ, ನಡುಕ, ಬೆವರು ಹೆಚ್ಚುತ್ತವೆ. ಹೀಗಾಗಿ ಅದು ಆಸರೆಗಳಲ್ಲೆಲ್ಲ ಅತ್ಯಂತ ಹಾನಿಕರವಾದುದು. ಇಳಕಲ್ಲಿನ ಮಹಾಂತ ಸ್ವಾಮಿಗಳು ‘ಮಹಾಂತ ಜೋಳಿಗೆ’ಯ ಮೂಲಕ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದ ಆಂದೋಲನ ನಾಡಿಗೆ ಪರಿಚಿತ, ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲಾಗುತ್ತದೆ. ಚಟದ ಹಿಂದೆ ಗುರುತಿಸದ ಗಾಬರಿಯ ಕಾಯಿಲೆ ಇದ್ದರೆ ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಬೇಕಾಗುತ್ತದೆ.

ಪ್ರಾಣಾಯಾಮ ಮತ್ತು ವಿಶ್ರಾಂತಿಯೊಂದಿಗೆ ಹೋಲಿಕೆ

ಉಸಿರಾಟಕ್ಕೆ ಸಂಬಂಧಿಸಿದುದರಿಂದ ಈ ಅಭ್ಯಾಸಗಳನ್ನು ಪ್ರಾಣಾಯಾಮವೆಂದು ಭಾವಿಸುವ ಸಾಧ್ಯತೆಯಿದೆ. ಭಸ್ತ್ರಿಕಾದಂತಹ ವೇಗದ ಉಸಿರಾಟ ಹೊರನೋಟಕ್ಕೆ ಇವನ್ನು ಹೋಲಿದರೂ ಉದ್ದೇಶ ಬೇರೆ. ಪ್ರಾಣಾಯಾಮ ಮತ್ತು ವಿಶ್ರಾಂತಿ ಅಭ್ಯಾಸಗಳು ಮನಸ್ಸನ್ನು ಶಾಂತಗೊಳಿಸಲು ಬಯಸುತ್ತವೆ. ಒಳಸಂವೇದನಾ ಒಡ್ಡಿಕೆಯಲ್ಲಿ ಅಶಾಂತಿಯನ್ನು ಬರಮಾಡಿಕೊಂಡು, ಅದನ್ನು ತಗ್ಗಿಸಲು ಏನನ್ನೂ ಮಾಡದೆ ಇರುವುದನ್ನು ಕಲಿಯಬೇಕು. ಒಟ್ಟು ಆರೋಗ್ಯಕ್ಕೆ ಪ್ರಾಣಾಯಾಮ ಮಾಡುವುದಕ್ಕೆ ಅಡ್ಡಿಯಿಲ್ಲ. ಆದರೆ ಸಂವೇದನೆ ಕಾಣಿಸಿದಾಗಲೆಲ್ಲ ಅದನ್ನು ಓಡಿಸಲು ನಿಧಾನ ಉಸಿರಾಟಕ್ಕೆ ಮೊರೆಹೋದರೆ, ಅದೂ ಒಂದು ಸುರಕ್ಷಾ ವರ್ತನೆಯಾಗಿ ಮಾರ್ಪಡಬಹುದು.

ಎಚ್ಚರಿಕೆಗಳು

ಹೃದಯದ ಕಾಯಿಲೆ, ಹತೋಟಿಯಲ್ಲಿಲ್ಲದ ರಕ್ತದೊತ್ತಡ, ಮೂರ್ಛೆರೋಗ, ಅಸ್ತಮಾ ಅಥವಾ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ತೀವ್ರ ರಕ್ತಹೀನತೆ, ಕುತ್ತಿಗೆ ಮತ್ತು ಬೆನ್ನಿನ ತೊಂದರೆಯುಳ್ಳವರು ಹಾಗೂ ಗರ್ಭಿಣಿಯರು ವೈದ್ಯರ ಅನುಮತಿಯಿಲ್ಲದೆ ಈ ಅಭ್ಯಾಸಗಳನ್ನು ಮಾಡಬಾರದು. ಅವರಿಗಾಗಿ ಕೆಲವನ್ನು ಕೈಬಿಟ್ಟು ಕೆಲವನ್ನು ಸೌಮ್ಯಗೊಳಿಸಬಹುದು. ಇಳಕಲ್ಲು ಭಾಗದಲ್ಲಿ ಗ್ರಾನೈಟ್ ಗಣಿಗಾರಿಕೆ ಇರುವುದರಿಂದ, ಕಲ್ಲಿನ ದೂಳಿನಲ್ಲಿ ದುಡಿದವರು ಉಸಿರಿನ ಅಭ್ಯಾಸಕ್ಕೆ ಮುನ್ನ ಶ್ವಾಸಕೋಶದ ತಪಾಸಣೆ ಮಾಡಿಸಿಕೊಳ್ಳುವುದು ಅವಶ್ಯ.

ಎದೆನೋವು ಮೊದಲ ಬಾರಿ ಕಾಣಿಸಿಕೊಂಡರೆ, ತೋಳಿಗೋ ದವಡೆಗೋ ಹರಡಿದರೆ, ಶ್ರಮಪಟ್ಟಾಗ ಬಂದು ವಿಶ್ರಾಂತಿಯಲ್ಲಿ ಇಳಿದರೆ, ಅಥವಾ ಪ್ರಜ್ಞೆ ತಪ್ಪಿದರೆ ಅದನ್ನು ಗಾಬರಿಯೆಂದು ಊಹಿಸದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಪರಿಣಾಮ

ಬಾರ್ಲೋ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ, 312 ರೋಗಿಗಳನ್ನೊಳಗೊಂಡ ಅಧ್ಯಯನವು ಅರಿವಿನ ವರ್ತನ ಚಿಕಿತ್ಸೆಯನ್ನು ಇಮಿಪ್ರಮಿನ್ ಔಷಧದೊಂದಿಗೆ ಹೋಲಿಸಿತು. ಚಿಕಿತ್ಸೆ ನಡೆಯುತ್ತಿರುವಾಗ ಎರಡೂ ಫಲಕಾರಿಯಾಗಿದ್ದವು. ನಿಲ್ಲಿಸಿದ ನಂತರ ಮನೋಚಿಕಿತ್ಸೆಯ ಫಲ ಹೆಚ್ಚು ಕಾಲ ಉಳಿಯಿತು. ಈ ಚಿಕಿತ್ಸೆಯ ಯಾವ ಅಂಗ ಹೆಚ್ಚು ಪರಿಣಾಮಕಾರಿಯೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದ ವಿಶ್ಲೇಷಣೆಯೊಂದು 2018ರಲ್ಲಿ ಪ್ರಕಟವಾಯಿತು. ಅದರಲ್ಲಿ ಒಳಸಂವೇದನಾ ಒಡ್ಡಿಕೆಯಿದ್ದ ಚಿಕಿತ್ಸೆಗಳು ಉತ್ತಮ ಫಲ ತೋರಿದವು. ಸ್ನಾಯು ಸಡಿಲಿಕೆಯ ಅಭ್ಯಾಸ ಸೇರಿದ್ದವು ಅಷ್ಟು ಫಲ ನೀಡಲಿಲ್ಲ.

ಕರ್ನಾಟಕದಲ್ಲಿ ಲಭ್ಯತೆ

ಬೆಂಗಳೂರಿನ ನಿಮ್ಹಾನ್ಸ್ 1974ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಮತ್ತು ಅಲ್ಲಿನ ಮಾನಸಿಕ ಆಸ್ಪತ್ರೆಗಳ ವಿಲೀನದಿಂದ ರೂಪುಗೊಂಡಿತು. ಕ್ಲಿನಿಕಲ್ ಮನೋವಿಜ್ಞಾನದ ಶಿಕ್ಷಣಕ್ಕೆ ಅದು ದೇಶದ ಪ್ರಮುಖ ಕೇಂದ್ರ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರದ ದೊಡ್ಡ ಸಂಸ್ಥೆಯಾದರೂ ಬಾಗಲಕೋಟೆಯಿಂದ ಅದು ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದೆ. ಬಸ್ಸು ಹತ್ತಲು ಹೆದರುವ ರೋಗಿಗೆ ಈ ದೂರವೇ ಮೊದಲ ಅಡ್ಡಿ.

ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗದ ಆಧಾರದ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. ಇದರ ಸೇವೆ ಜಿಲ್ಲಾ ಆಸ್ಪತ್ರೆಗಳಲ್ಲಿ ದೊರೆಯುತ್ತದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಗಳಂದು ಮನೋವೈದ್ಯರು ಲಭ್ಯರಿರುವಂತೆ ಮಾಡುವ ‘ಮನೋಚೈತನ್ಯ’ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2014ರಲ್ಲಿ ಆರಂಭಿಸಿತು. ಬಾಗಲಕೋಟೆಯಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಮತ್ತು ಅದಕ್ಕೆ ಸೇರಿದ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆ ಇವೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ ಉಚಿತ ದೂರವಾಣಿ ಸಂಖ್ಯೆ 14416. ಇದು ದಿನದ 24 ಗಂಟೆಯೂ ಲಭ್ಯವಿದ್ದು ಕನ್ನಡದಲ್ಲಿಯೂ ಮಾತನಾಡಬಹುದು.

ಮಿತಿಗಳು

ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಆತಂಕ ಮತ್ತು ಖಿನ್ನತೆಯಂತಹ ಸಾಮಾನ್ಯ ಮಾನಸಿಕ ತೊಂದರೆಗಳುಳ್ಳವರಲ್ಲಿ ಶೇ. 85ರಷ್ಟು ಮಂದಿ ಚಿಕಿತ್ಸೆಯಿಂದ ವಂಚಿತರಾಗಿದ್ದರು. ತರಬೇತಿ ಪಡೆದ ಮನೋಚಿಕಿತ್ಸಕರು ನಗರಗಳಲ್ಲಿ ಕೇಂದ್ರೀಕೃತರಾಗಿರುವುದರಿಂದ ಸಣ್ಣ ಊರುಗಳಲ್ಲಿ ಔಷಧ ದೊರೆತರೂ ಈ ಅಭ್ಯಾಸಗಳನ್ನು ಕಲಿಸುವವರು ದೊರೆಯುವುದು ಕಷ್ಟ. ಚಿಕಿತ್ಸಕರಲ್ಲಿಯೂ ಕೆಲವರು ರೋಗಿಗೆ ತೊಂದರೆಯಾದೀತೆಂಬ ಅಳುಕಿನಿಂದ ಅಭ್ಯಾಸಗಳನ್ನು ಅತಿ ಸೌಮ್ಯವಾಗಿ ಮಾಡಿಸುವುದುಂಟು. ಆಗ ನಿರೀಕ್ಷಿತ ಕಲಿಕೆ ಆಗುವುದಿಲ್ಲ. ಕೆಲವು ರೋಗಿಗಳು ಆರಂಭದ ಕಷ್ಟಕ್ಕೆ ಅಂಜಿ ಚಿಕಿತ್ಸೆಯನ್ನು ಅರ್ಧಕ್ಕೇ ಬಿಡುತ್ತಾರೆ. ಗುಣವಾದ ನಂತರವೂ ಒತ್ತಡದ ದಿನಗಳಲ್ಲಿ ಗಾಬರಿ ಮರುಕಳಿಸಬಹುದು. ಅದನ್ನು ಸೋಲೆಂದು ಪರಿಗಣಿಸದೆ, ಕಲಿತ ಅಭ್ಯಾಸಗಳನ್ನು ಮತ್ತೆ ಆರಂಭಿಸುವಂತೆ ಸಲಹೆ ನೀಡಲಾಗುತ್ತದೆ.

ಇವನ್ನೂ ನೋಡಿ

• ಅರಿವಿನ ವರ್ತನ ಚಿಕಿತ್ಸೆ
• ಆತಂಕ
• ನಿಮ್ಹಾನ್ಸ್
• ಬಾಗಲಕೋಟೆ ಜಿಲ್ಲೆ